ಹುಬ್ಬಳ್ಳಿಯಿಂದ ಒಂದು ದಿನ: ನಸುಕಿಗೆ ಮಾಗಡಿ ಕೆರೆ, ಮಧ್ಯಾಹ್ನ ಲಕ್ಕುಂಡಿ

ಡಿಸೆಂಬರ್ ಕೊನೆಯ ರಜೆಯಲ್ಲಿ ಒಂದೇ ದಿನ ಬಿಡುವು, ಹುಬ್ಬಳ್ಳಿಯಿಂದ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬೇಕು, ಇಬ್ಬರು ಮಕ್ಕಳಿಗೆ ಕೆರೆ-ಹಕ್ಕಿ ತೋರಿಸಬೇಕು, ಜೊತೆಗೆ ಬರುವ ಅತ್ತೆ-ಮಾವನಿಗೆ ಗುಡಿ ಬೇಕು, ದಾಂಡೇಲಿ-ಗೋಕರ್ಣದ ಗದ್ದಲ ಬೇಡ ಅಂತ ಕೇಳಿದ್ದೀರಿ. ಗದಗ, ಲಕ್ಕುಂಡಿ, ಡಂಬಳ, ಕಪ್ಪತಗುಡ್ಡ, ಲಕ್ಷ್ಮೇಶ್ವರ, ಬಂಕಾಪುರ ಎಲ್ಲವನ್ನೂ ಬರೆದು, ಇಷ್ಟೂ ಆಗುತ್ತದೆಯೇ ಎಂದಿದ್ದೀರಿ.

ಆಗುವುದಿಲ್ಲ. ನಾನು ಒಮ್ಮೆ ಹಾಗೇ ಐದು ಊರು ಬರೆದುಕೊಂಡು ಹೋಗಿದ್ದೆ. ಮೂರನೆಯ ಗುಡಿಗೆ ಬರುವಷ್ಟರಲ್ಲಿ ಅವ್ವ "ನೀವು ನೋಡಿ ಬರ್ರಿ, ನಾ ಇಲ್ಲೇ ಕುಂಡರ್ತೀನಿ" ಅಂತ ಕಾರಿನಲ್ಲೇ ಉಳಿದಳು. ಮಗಳಿಗೆ ಆ ದಿನದ್ದು ಒಂದು ಕಂಬವೂ ನೆನಪಿಲ್ಲ. ಆಮೇಲೆ ಮೂರು ಚಳಿಗಾಲ ಇದೇ ದಾರಿಯಲ್ಲಿ ಓಡಾಡಿ ಕಲಿತದ್ದು ಇಷ್ಟು: ಒಂದು ಕೆರೆ, ಒಂದು ಗುಡಿ, ಒಂದು ಊರು. ಕೆರೆಗೆ ಮಾತ್ರ ಹೊತ್ತು ಮೂಡುವ ಮೊದಲೇ ಮುಟ್ಟಬೇಕು. ಉಳಿದದ್ದೆಲ್ಲ ಹೇಗೋ ಹೊಂದಿಕೊಳ್ಳುತ್ತದೆ.

ಕೆರೆ ಅಂದರೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಬೆಂಗಳೂರು ಕಡೆಯ ಮಾಗಡಿ ಅಲ್ಲ, ಮ್ಯಾಪಿನಲ್ಲಿ ಹಾಕುವಾಗ ನೋಡಿಕೊಳ್ಳಿ. ಲಕ್ಷ್ಮೇಶ್ವರದಿಂದ ಎಂಟು-ಹತ್ತು ಕಿಲೋಮೀಟರ್. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆ ಈ ಕೆರೆಗೂ ರಾಮ್ಸರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿತು. ಆದರೂ ನೋಡಲು ಅದು ನಮ್ಮ ಬಯಲುಸೀಮೆಯ ಸಾದಾ ಕೆರೆಯೇ. ದೋಣಿ ವಿಹಾರ, ಉದ್ಯಾನ ಅಂತ ಎಣಿಸಿಕೊಂಡು ಹೋಗಬೇಡಿ. ಅಲ್ಲಿಗೆ ಹೋಗುವುದು ಹಕ್ಕಿಗಾಗಿ. ನವೆಂಬರ್ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ, ಬೇಸಿಗೆ ಕಾಲಿಡುವ ಹೊತ್ತಿಗೆ ಹೊರಡುತ್ತವೆ. ಡಿಸೆಂಬರ್ ಕೊನೆ, ಜನವರಿ ಅಂದರೆ ಕೆರೆ ಹಕ್ಕಿಗಳಿಂದ ತುಂಬಿದ ಕಾಲ.

ನಸುಕಿಗೇ ಯಾಕೆ ಅಂದರೆ, ಇವು ಮೀನು ತಿನ್ನುವ ಹಕ್ಕಿಗಳಲ್ಲ. ರಾತ್ರಿ ಸುತ್ತಲಿನ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ಕೆರೆಗೆ ಮರಳುತ್ತವೆ. ಹೊತ್ತು ಏರಿತೆಂದರೆ ನೀರಿನ ನಡುವೆ ಗುಂಪುಗುಂಪಾಗಿ ಸುಮ್ಮನೆ ಕೂತಿರುತ್ತವೆ. ಹನ್ನೊಂದು ಗಂಟೆಗೆ ಹೋದವರಿಗೆ ಕಾಣುವುದು ದೂರದ ಬೂದು ಚುಕ್ಕೆ ಅಷ್ಟೇ, ಮಕ್ಕಳು ಐದು ನಿಮಿಷಕ್ಕೆ "ಹೋಗೋಣ್ರಿ" ಅಂತಾರೆ. ಆರೂಮುಕ್ಕಾಲಿಗೆ ಏರಿಯ ಮೇಲೆ ನಿಂತಿದ್ದರೆ ಆಟವೇ ಬೇರೆ. ಮೊದಲು ಕಾಣುವುದಿಲ್ಲ, ಕೇಳುತ್ತದೆ: ಮೂಗಿನಿಂದ ಬಂದಂಥ ಆಂಗ್ ಆಂಗ್ ದನಿ, ಹೊಲದ ಆಚೆಯಿಂದ. ಆಮೇಲೆ ಆಕಾಶದಲ್ಲಿ ಓರೆಗೆರೆ, ಅದರ ಹಿಂದೆ ಇನ್ನೊಂದು. ತಲೆಯ ಮೇಲೆ ಬಂದಾಗ ರೆಕ್ಕೆಯ ಗಾಳಿಯೂ ಕೇಳುತ್ತದೆ. ನೀರಿಗೆ ಇಳಿಯುವ ಮುಂಚೆ ಕಾಲು ಮುಂದೆ ಚಾಚಿ, ಕತ್ತು ಹಿಂದೆ ಎಳೆದುಕೊಂಡು, ಒಂದು ಕ್ಷಣ ಗಾಳಿಯಲ್ಲೇ ನಿಂತಂತೆ ಮಾಡುತ್ತವೆ. ದುರ್ಬೀನು ಇದ್ದರೆ ಬಿಳಿ ತಲೆಯ ಹಿಂಭಾಗದ ಎರಡು ಕಪ್ಪು ಪಟ್ಟಿ ಸ್ಪಷ್ಟ ಕಾಣುತ್ತವೆ. ದುರ್ಬೀನು ಇಲ್ಲದಿದ್ದರೆ ಯಾರ ಹತ್ತಿರವಾದರೂ ಇಸಕೊಂಡು ಹೋಗಿ, ಈ ದಿನಕ್ಕೆ ಅದೊಂದು ಸಾಮಾನು ಬೇಕೇ ಬೇಕು.

ಹೋದ ವರ್ಷ ಏರಿಯ ಮೇಲೆ ಎಮ್ಮೆ ಹೊಡಕೊಂಡು ಬಂದ ಒಬ್ಬ ಅಜ್ಜನನ್ನು "ಯಜ್ಜಾ, ಇವು ನಿಮ್ಮ ಹೊಲಾನೂ ಮೇಯ್ತಾವನು?" ಅಂತ ಕೇಳಿದೆ. "ಮೇಯ್ತಾವು. ಕಡ್ಲಿ ಚಿಗುರು ಕಂಡ್ರ ಬಿಡ್ತಾವೇನು? ಹಿಕ್ಕಿನೂ ಅಲ್ಲೇ ಹಾಕ್ತಾವು, ಗೊಬ್ಬರ ಆಕ್ಕತಿ. ಹುಡುಗೂರ್ಗೆ ಕಲ್ಲು ಒಗಿಬ್ಯಾಡ್ರಿ ಅಂತ ಹೇಳು, ಅಷ್ಟ ಸಾಕು" ಅಂದರು. ಆ ಮಾತನ್ನು ನಿಮಗೂ ದಾಟಿಸುತ್ತಿದ್ದೇನೆ. ಕಲ್ಲು ಬೇಡ, ಕಾರಿನ ಹಾಡು ಬೇಡ, ನೀರಿನ ಅಂಚಿಗೆ ಇಳಿಯುವುದು ಬೇಡ. ಒಮ್ಮೆ ಯಾರೋ ಡ್ರೋನ್ ಹಾರಿಸಿದಾಗ ಇಡೀ ಕೆರೆ ಒಮ್ಮೆಲೇ ಎದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ರಾತ್ರಿಯೆಲ್ಲ ಮೇಯ್ದು ಬಂದು ಕೂತ ಹಕ್ಕಿ ಅವು, ನಮ್ಮ ಒಂದು ವಿಡಿಯೋಗೋಸ್ಕರ ಎಬ್ಬಿಸಬಾರದು.

ಇದಕ್ಕೆ ಹುಬ್ಬಳ್ಳಿಯನ್ನು ಐದು ಗಂಟೆಗೇ ಬಿಡಬೇಕು. ಕುಂದಗೋಳ ದಾರಿಯಲ್ಲಿ ಲಕ್ಷ್ಮೇಶ್ವರ ಸುಮಾರು 55 ಕಿಲೋಮೀಟರ್. ಮಕ್ಕಳನ್ನು ರಗ್ಗಿನಲ್ಲಿ ಸುತ್ತಿ ನಿದ್ದೆಯಲ್ಲೇ ಕಾರಿಗೆ ಹಾಕಿ. ಬಯಲಿನ ಚಳಿ ಊರೊಳಗಿನ ಚಳಿಯಂತಲ್ಲ, ಮಾವನವರಿಗೆ ಕಿವಿ ಮುಚ್ಚುವ ಟೋಪಿ, ಮಫ್ಲರ್ ಇರಲಿ. ಥರ್ಮಾಸಿನಲ್ಲಿ ಚಹಾ, ಡಬ್ಬಿಯಲ್ಲಿ ಅವಲಕ್ಕಿ ಒಯ್ಯಿರಿ, ಅಷ್ಟೊತ್ತಿಗೆ ಕೆರೆ ಹತ್ತಿರ ಏನೂ ಸಿಗುವುದಿಲ್ಲ. ಬಸ್ಸಿನಲ್ಲಿ ಹೋಗುವುದಾದರೆ ಈ ನಸುಕಿನ ಲೆಕ್ಕ ಕೂಡುವುದಿಲ್ಲ. ಆಗ ಹಿಂದಿನ ರಾತ್ರಿ ಲಕ್ಷ್ಮೇಶ್ವರದಲ್ಲೇ ಉಳಿಯಬೇಕು, ಇಲ್ಲವೇ ಕೆರೆ ಬಿಟ್ಟು ಗದಗ-ಲಕ್ಕುಂಡಿ ಮಾತ್ರ ಮಾಡಬೇಕು.

ಎಂಟೂವರೆಗೆ ಕೆರೆಯಿಂದ ಹೊರಟು ಲಕ್ಷ್ಮೇಶ್ವರಕ್ಕೆ ಹಿಂದಿರುಗಿ, ನಾಷ್ಟಾ ಮಾಡಿ ಸೋಮೇಶ್ವರ ಗುಡಿಗೆ ಹೋಗಿ. ನಿಮ್ಮ ಅತ್ತೆ-ಮಾವನಿಗೆ ಇದು ಬಹಳ ಹಿಡಿಸುತ್ತದೆ. ಕೋಟೆಯಂಥ ಗೋಡೆಯೊಳಗೆ ದೊಡ್ಡ ಪ್ರಾಂಗಣ, ಇನ್ಫೋಸಿಸ್ ಫೌಂಡೇಶನ್ ಜೀರ್ಣೋದ್ಧಾರ ಮಾಡಿಸಿದ ಮೇಲೆ ಚೊಕ್ಕಟವಾಗಿದೆ. ಗರ್ಭಗುಡಿಯಲ್ಲಿ ಬರೀ ಲಿಂಗವಲ್ಲ, ನಂದಿಯ ಮೇಲೆ ಕೂತ ಶಿವ-ಪಾರ್ವತಿ. ಸೌರಾಷ್ಟ್ರದಿಂದ ಶಿವಶರಣ ಆದಯ್ಯ ಹೊತ್ತು ತಂದ ಸೋಮೇಶ್ವರ ಅನ್ನುವ ಕಥೆಯನ್ನು ಮಕ್ಕಳಿಗೆ ಮಾವನವರೇ ಹೇಳಲಿ. ಈ ಊರೇ ಹಳೆಯ ಪುಲಿಗೆರೆ. ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ಇರುವ ನಾಡೆಂದು ಕಿಸುವೊಳಲ್, ಕೊಪಣ, ಒಂಕುಂದದ ಜೊತೆ ಹೇಳಿದ ಪುಲಿಗೆರೆ ಇದು. ಗುಡಿಯ ಅಂಗಳದಲ್ಲಿ ನಿಂತು ಅದನ್ನು ನೆನೆದರೆ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ನಾವು ಮನೆಯಲ್ಲಿ ಆಡುವ ಮಾತಿನ ತವರು ಅದು.

ಅಲ್ಲಿಂದ ಗದಗ 40 ಕಿಲೋಮೀಟರ್. ಊಟಕ್ಕೆ ಯಾವುದಾದರೂ ಖಾನಾವಳಿ ಹಿಡಿಯಿರಿ: ಬಿಸಿ ರೊಟ್ಟಿ, ಎಣ್ಣೆಗಾಯಿ, ಹಸಿ ಮೆಂತೆ, ಮೊಸರು, ಶೇಂಗಾ ಚಟ್ನಿ. ಊಟದ ಮೇಲೆ ಅರ್ಧ ತಾಸು ಹಿರಿಯರು ಕಣ್ಣು ಮುಚ್ಚಲಿ, ಅವಸರ ಮಾಡಬೇಡಿ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಲಕ್ಕುಂಡಿಗೆ ಬರುತ್ತವೆ. ಮೂರು ಗಂಟೆ ಹೊತ್ತಿಗೆ ಹೆಚ್ಚಿನವು ಮುಂದಿನ ಊರಿಗೆ ಹೊರಟಿರುತ್ತವೆ.

ಲಕ್ಕುಂಡಿ ಗದಗಿನಿಂದ 12 ಕಿಲೋಮೀಟರ್, ಹೊಸಪೇಟೆ ರಸ್ತೆಯಲ್ಲಿ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಹೇಳುವ ಊರು. ನೀವು ಮೂರೇ ನೋಡಿ. ಕಾಶಿ ವಿಶ್ವನಾಥ ಗುಡಿಯಲ್ಲಿ ಶಿವ ಮತ್ತು ಸೂರ್ಯರ ಗುಡಿಗಳು ಎದುರುಬದುರು. ತಿರುಗಣಿಯಲ್ಲಿ ಕಡೆದಂಥ ದುಂಡು ಕಂಬಗಳ ಮೇಲೆ ಮಕ್ಕಳು ಅಂಗೈ ಇಟ್ಟು ನೋಡಲಿ, ಹೊರಗೆ ಬಿಸಿಲಿದ್ದರೂ ಕಲ್ಲು ತಣ್ಣಗಿರುತ್ತದೆ. ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಕವಿ ಪೊನ್ನನ ಕಾವ್ಯದ ಸಾವಿರ ಪ್ರತಿ ಬರೆಸಿ ಹಂಚಿದವಳು. ಓಲೆಗರಿಯ ಮೇಲೆ ಒಂದು ಪ್ರತಿ ಬರೆಯಲು ಎಷ್ಟು ದಿನ ಹಿಡಿಯಬಹುದು ಅಂತ ನಿಮ್ಮ ದೊಡ್ಡ ಮಗುವನ್ನು ಕೇಳಿ. ನನ್ನ ಮಗಳು ಅರ್ಧ ದಾರಿ ಇದೇ ಲೆಕ್ಕ ಹಾಕುತ್ತ ಬಂದಳು.

ಮುಸುಕಿನ ಬಾವಿಯನ್ನು ಕೊನೆಗೆ ಇಟ್ಟುಕೊಳ್ಳಿ. ಮಾಣಿಕೇಶ್ವರ ಗುಡಿಯ ಪಕ್ಕದಲ್ಲೇ ಇದೆ. ಮೇಲಿನಿಂದ ನೋಡಿದರೆ ನೆಲದಲ್ಲಿ ತೋಡಿದ ಗುಡಿಯಂತೆ ಕಾಣುತ್ತದೆ. ಮೂರು ಬದಿಯಿಂದ ಮೆಟ್ಟಿಲು, ಗೋಡೆಯೊಳಗೆ ಪುಟ್ಟ ಶಿಖರವಿರುವ ಗೂಡುಗಳು, ಕೆಳಗೆ ಪಾಚಿ ಬಣ್ಣದ ನೀರು. ನಾಲ್ಕೂವರೆಯ ಓರೆ ಬಿಸಿಲು ಒಂದು ಬದಿಯ ಗೂಡುಗಳ ಮೇಲೆ ಮಾತ್ರ ಬೀಳುತ್ತದೆ, ಇನ್ನೊಂದು ಬದಿ ಕತ್ತಲು. ಇಳಿಯಲು ಬಿಟ್ಟರೂ ಚಿಕ್ಕ ಮಗುವಿನ ಕೈ ಬಿಡಬೇಡಿ, ಮೆಟ್ಟಿಲು ಕಡಿದಾಗಿವೆ.

ನಿಮ್ಮ ಪಟ್ಟಿಯಲ್ಲಿ ಉಳಿದವು: ಕಪ್ಪತಗುಡ್ಡ ಈಗ ಬೇಡ, ಹುಲ್ಲು ಒಣಗಿರುತ್ತದೆ, ಮಳೆಗಾಲಕ್ಕೆ ಇಡಿ. ಡಂಬಳದ ದೊಡ್ಡಬಸಪ್ಪ ಗುಡಿ ನಕ್ಷತ್ರದ ಆಕಾರದ್ದು, ಅದನ್ನು ಕಪ್ಪತಗುಡ್ಡದ ಜೊತೆಗೇ ಮಾಡಿ. ಬಂಕಾಪುರದ ಕೋಟೆ, ನವಿಲು ಹಾವೇರಿ ಕಡೆಯ ಇನ್ನೊಂದು ದಿನದ ಮಾತು. ಹೊತ್ತು ಉಳಿದರೆ ಮರಳುವಾಗ ಗದಗಿನ ವೀರನಾರಾಯಣ ಗುಡಿ ನೋಡಬಹುದು. ಕುಮಾರವ್ಯಾಸ ಒರಗಿ ಕೂತು ಭಾರತ ಬರೆದ ಕಂಬ ಅಂತ ತೋರಿಸುತ್ತಾರೆ. ಹಿರಿಯರು ದಣಿದಿದ್ದರೆ ಅದನ್ನೂ ಬಿಡಿ, ಬದನೆಕಾಯಿ ಬಜಿ ಕಟ್ಟಿಸಿಕೊಂಡು ಅಣ್ಣಿಗೇರಿ ದಾರಿ ಹಿಡಿಯಿರಿ.

ಇನ್ನೊಂದು, ದಿನ ಗೊತ್ತು ಮಾಡುವ ಮುಂಚೆ ಕ್ಯಾಲೆಂಡರಿನಲ್ಲಿ ಎಳ್ಳ ಅಮಾಸಿ ಯಾವತ್ತು ಅಂತ ನೋಡಿ. ಅವತ್ತೇ ಹೊರಟರೆ ದಾರಿಯುದ್ದಕ್ಕೂ ಚರಗ ಚೆಲ್ಲಲು (ಹೊಲಕ್ಕೆ ಎಡೆ ಚೆಲ್ಲಿ ಪೂಜಿಸಲು) ಬಂದ ಮಂದಿ ಹೊಲದಲ್ಲಿ ಬುತ್ತಿ ಬಿಚ್ಚಿ ಕೂತಿರುತ್ತಾರೆ. ನಾವು ಕಡಲೆ ಗಿಡ ನೋಡಲು ಗಾಡಿ ನಿಲ್ಲಿಸಿದ್ದೆವು. ಗುರುತು-ಪರಿಚಯ ಇಲ್ಲದ ಒಂದು ಮನೆಯವರು "ಬರ್ರಿ, ಉಂಡ ಹೋಗ್ರಿ" ಅಂತ ಕರೆದು ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗಿ ಕೈಮೇಲೆ ಇಟ್ಟರು. ನಿಮ್ಮನ್ನು ಕರೆದರೆ ಸಂಕೋಚ ಪಡಬೇಡಿ, ಚಪ್ಪಲಿ ಬದುವಿನ ಮೇಲೆ ಬಿಟ್ಟು ಕೂತುಬಿಡಿ. ಆ ದಿನ ಖಾನಾವಳಿ ಊಟ ತಪ್ಪಿದರೂ ನಡೆಯುತ್ತದೆ.