"ನಿಂದ್ಯಾವೂರು?" ಅಂದ್ರೆ ಏನಂತ ಹೇಳ್ಲಿ ಅಕ್ಕಾ

ಪ್ರಶ್ನೆ: ಅಕ್ಕಾ, ನಾನು ಮೈಸೂರಲ್ಲಿ ಫಸ್ಟ್ ಇಯರ್ ಬಿಎಸ್ಸಿ. ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿ, ಅಪ್ಪ ನವಲಗುಂದದವ್ರು, ಅಮ್ಮ ಕಾರ್ಕಳ ಕಡೆ ತುಳು ಮಾತಾಡೋರು, ಇಬ್ರೂ ಮುಂಬೈಲಿ ಒಂದೇ ಆಫೀಸಲ್ಲಿದ್ದಾಗ ಲವ್ ಮ್ಯಾರೇಜ್. ಈ ವರ್ಷ ಅಪ್ಪಂಗೆ ಇಲ್ಲಿಗೆ ಟ್ರಾನ್ಸ್‌ಫರ್ ಆಯ್ತು ಅಂತ ಗಂಟುಮೂಟೆ ಕಟ್ಕೊಂಡು ಬಂದ್ವಿ. ಮೊದಲನೇ ದಿನ ಸರ್ ಒಬ್ಬೊಬ್ರನ್ನೇ ನಿಲ್ಸಿ ಹೆಸರು, ಊರು ಹೇಳಿ ಅಂದ್ರು. ಎಲ್ರೂ ನಂಜನಗೂಡು, ಹುಣಸೂರು, ಕೆ.ಆರ್. ನಗರ ಅಂತ ಒಂದೊಂದೇ ಮಾತು ಹೇಳಿ ಕೂತ್ರು, ನಾನು ಮಾತ್ರ ಅಪ್ಪ ಅಲ್ಲಿ ಅಮ್ಮ ಇಲ್ಲಿ ನಾನು ಇನ್ನೆಲ್ಲೋ ಅಂತ ಹೇಳ್ತಾನೇ ಹೋದೆ, ಹಿಂದಿನ ಬೆಂಚಿಂದ ಯಾರೋ "ರೈಲ್ವೆ ಟೈಮ್‌ಟೇಬಲ್ಲು" ಅಂದ, ಕ್ಲಾಸೆಲ್ಲಾ ನಗು. ಈಗ ನನ್ನ ಹೆಸರೇ "ಬಾಂಬೆ". ಮಾತಾಡುವಾಗ ಒಮ್ಮೆ "ಹೌದ್ರೀ" ಬರ್ತದೆ, ಒಮ್ಮೆ "ಎಂತ ಮಾರಾಯ್ತಿ" ಬರ್ತದೆ, ಅದಕ್ಕೂ ನಗ್ತಾರೆ. ಮುಂದಿನ ವಾರ ಫ್ರೆಶರ್ಸ್ ಡೇ, ಸ್ಟೇಜ್ ಮೇಲೆ ಎರಡು ನಿಮಿಷ ಪರಿಚಯ ಮಾಡ್ಕೋಬೇಕಂತೆ. ಸುಮ್ನೆ "ಮುಂಬೈ" ಅಂತ ಹೇಳಿ ಇಳಿದುಬಿಡ್ಲಾ?

ಉತ್ತರ: ಇಳೀಬೇಡ ಮಾರಾಯ್ತಿ! ಟೈಮ್‌ಟೇಬಲ್ಲು ಅಂದವನ ಮೇಲೆ ಸಿಟ್ಟೂ ಬೇಡ, ಅವನು ಹೇಳಿದ್ರಲ್ಲಿ ಸ್ವಲ್ಪ ನಿಜ ಇದೆ, ಯಾಕಂದ್ರೆ ನೀನು ಕೊಟ್ಟಿದ್ದು ಬರೀ ಸ್ಟೇಷನ್ ಹೆಸರುಗಳು. ಊರಿನ ಪಟ್ಟಿ ಯಾರ ತಲೇಲೂ ನಿಲ್ಲಲ್ಲ. ನಿಮ್ಮನೆ ಒಳಗಿಂದ ಒಂದು ಸಂಗತಿ ಎತ್ಕೊಂಡು ಹೋಗು, ಸಾಕು.

ನಿಮ್ಮನೇಲಿ ಅದಕ್ಕೇನು ಬರವಾ? ತುಳುವಲ್ಲಿ ಅಮ್ಮಂಗೆ "ಅಪ್ಪೆ", ಅಪ್ಪಂಗೆ "ಅಮ್ಮೆ". ಮದ್ವೆಯಾದ ಹೊಸದ್ರಲ್ಲಿ ನಿಮ್ಮಮ್ಮ "ಅಮ್ಮೆ ಫೋನ್ ಮಾಡಿದ್ರು" ಅಂದಾಗ ನವಲಗುಂದದ ನಿಮ್ಮಪ್ಪ ಅತ್ತೆಯವ್ರು ಅಂದ್ಕೊಂಡ್ರಾ ಮಾವನವ್ರು ಅಂದ್ಕೊಂಡ್ರಾ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳು, ಏನಾದ್ರೂ ಒಂದು ಫಜೀತಿ ಆಗಿರ್ಲೇಬೇಕು. ಸ್ಟೇಜ್ ಮೇಲೆ ಹೋಗಿ "ನಮ್ಮಮ್ಮನ ಭಾಷೇಲಿ ಅಮ್ಮೆ ಅಂದ್ರೆ ಅಪ್ಪ" ಅಂತ ಶುರು ಮಾಡಿ ನೋಡು.

ಇಲ್ಲಾಂದ್ರೆ ರೊಟ್ಟಿ ಹಿಡ್ಕೋ. ನಿಮ್ಮಪ್ಪಂಗೆ ರೊಟ್ಟಿ ಅಂದ್ರೆ ಜೋಳದ್ದು, ಬಡಿದು ಮಾಡೋದು, ಜೊತೆಗೆ ಶೇಂಗಾ ಚಟ್ನಿ. ಕಾರ್ಕಳದಲ್ಲಿ, ಕೋಳಿ ತಿನ್ನೋರ ಮನೇಲಾದ್ರೆ, ರೊಟ್ಟಿ ಅಂದ್ರೆ ಹಪ್ಪಳದಂಗೆ ಗರಿಗರಿ ಇರೋ ಅಕ್ಕಿದು, ಅದ್ರ ಮೇಲೆ ಸಾರು ಹೊಯ್ಕೊಂಡು ನೆನೆಸ್ಕೊಂಡು ತಿನ್ನೋದು. ಡೊಂಬಿವಲಿಯ ಪಕ್ಕದ್ಮನೆ ಮರಾಠಿ ಆಂಟಿ ನಿಮ್ಮಪ್ಪನ ರೊಟ್ಟೀನ ಭಾಕ್ರಿ ಅಂತಾರೆ. ಇನ್ನು ಮೈಸೂರಲ್ಲಿ ರೊಟ್ಟಿ ಅಂದ್ರೆ ಸಬ್ಬಸಿಗೆ ಸೊಪ್ಪು, ಈರುಳ್ಳಿ ಹಾಕಿ ತಟ್ಟಿದ ಅಕ್ಕಿರೊಟ್ಟಿ ತಾನೇ! ಇಷ್ಟು ಹೇಳಿ "ನಿಮ್ಮನೇಲಿ ಯಾವ್ದು?" ಅಂತ ಕೇಳಿದ್ರೆ ನಿನ್ನ ಎರಡು ನಿಮಿಷ ಸಾಲಲ್ಲ, ಕಾಲೇಜ್ ಹಾಲ್‌ನಲ್ಲೇ ಜಗಳ ಶುರುವಾಗುತ್ತೆ.

"ಬಾಂಬೆ" ಅಂತ ಕರೆಯೋರಿಗೂ ಒಂದು ಉತ್ತರ ಇಟ್ಕೋ. ನವಲಗುಂದದ ನಿಮ್ಮಜ್ಜ 1956ಕ್ಕೆ ಮುಂಚೆ ಅಲ್ಲೇ ಹುಟ್ಟಿದವ್ರಾದ್ರೆ ಹುಟ್ಟಿದ್ದು ಬಾಂಬೆ ಸೀಮೇಲೇ, ಯಾಕಂದ್ರೆ ಆಗ ನವಲಗುಂದ ಇರೋ ಧಾರವಾಡ ಜಿಲ್ಲೆ ಬಾಂಬೆಗೆ ಸೇರಿತ್ತು, ಕಾರ್ಕಳ ಮದ್ರಾಸಿಗೆ ಸೇರಿತ್ತು. 1956 ನವೆಂಬರ್ 1ಕ್ಕೆ ಎರಡೂ ಊರು ಕೂತಲ್ಲೇ ಕೂತು ಮೈಸೂರು ರಾಜ್ಯಕ್ಕೆ ಬಂದ್ವು. ಕರ್ನಾಟಕ ಅನ್ನೋ ಹೆಸರು ಬಂದಿದ್ದೇ 1973ರಲ್ಲಿ, ಅಲ್ಲೀವರೆಗೂ ನಿಮ್ಮ ಎರಡೂ ಕಡೆ ಅಜ್ಜಂದಿರ ಅಡ್ರೆಸ್ಸಲ್ಲಿ ಮೈಸೂರು ಅಂತಲೇ ಇತ್ತು. ಅಂದ್ರೆ ಹಿಂದಿನ ಬೆಂಚಿನ ಆ ಹುಡುಗ ಹುಟ್ಟೋಕೆ ಎಷ್ಟೋ ವರ್ಷ ಮುಂಚೆ ನಿಮ್ಮನೆಯವ್ರು "ಮೈಸೂರಿನವ್ರು" ಆಗಿದ್ರು ಕಣೇ.

ಮತ್ತೆ ಒಂದೇ ಮಾತಲ್ಲಿ ಊರು ಹೇಳಿ ಕೂತವ್ರನ್ನ ನೋಡಿ ಹೊಟ್ಟೆ ಉರ್ಕೋಬೇಡ. ಹುಣಸೂರು ಅಂದವಳ ಅಮ್ಮ ಯಾವೂರಿಂದ ಬಂದ್ರು ಕೇಳು. ನಿಮ್ಮ ಜಿಲ್ಲೇಲೇ ಬೈಲಕುಪ್ಪೆ ಇದೆ, 1960ರ ದಶಕದಿಂದ ಟಿಬೆಟಿನವ್ರು ಅಲ್ಲಿ ನೆಲೆಸಿದ್ದಾರೆ, ಅಲ್ಲಿಯ ಹುಡುಗಿ ನಿಮ್ಮ ಕ್ಲಾಸಲ್ಲಿದ್ರೆ ಅವಳೂ "ಬೈಲಕುಪ್ಪೆ" ಅಂತ ಒಂದೇ ಮಾತು ಹೇಳಿ ಕೂತಿರ್ತಾಳೆ.

ಕನ್ನಡ ಮಾತ್ರ ತಿದ್ಕೊಳ್ಳೋಕೆ ಹೋಗ್ಬೇಡ. ನಾನು ಬಳ್ಳಾರಿಯ ತೆಲುಗು ಮನೆಯವಳು, ಶಿವಮೊಗ್ಗದ ಹಾಸ್ಟೆಲಲ್ಲಿ ಎಲ್ರಿಗೂ "ಗಾರು" (ತೆಲುಗಲ್ಲಿ ಹೆಸರಿನ ಜೊತೆ ಮರ್ಯಾದೆಗೆ ಸೇರಿಸೋ ಮಾತು) ಆಗಿದ್ದೆ, ಮೊದಲು ಅಳ್ತಿದ್ದೆ, ಆಮೇಲೆ ಅಲ್ಲಿಯವ್ರ ಥರ ಮಾತಾಡೋಕೆ ಹೋಗಿ ಎರಡೂ ಕೆಡ್ತು, ಕೊನೆಗೆ ಫ್ರೆಂಡ್ಸ್‌ಗೆ ಕೊಟ್ಟ ಮದ್ವೆ ಕಾರ್ಡ್ ಮೇಲೆ ನಾನೇ ಪೆನ್ನಲ್ಲಿ "ಗಾರು" ಅಂತ ಬರ್ದೆ. "ಹೌದ್ರೀ"ನೂ ಇರ್ಲಿ, "ಎಂತ ಮಾರಾಯ್ತಿ"ನೂ ಇರ್ಲಿ, ಮೂರು ತಿಂಗಳಲ್ಲಿ ಅವ್ರೇ ನಿನ್ನ ಥರ ಮಾತಾಡ್ತಾರೆ ನೋಡು.

ಒಂದು ಮಾತ್ರ ಎಚ್ಚರ. "ಯಾವೂರು" ಅಂದಮೇಲೆ "ಯಾವ ಕಡೆಯವ್ರು, ಮನೆತನ ಯಾವ್ದು, ಸರ್‌ನೇಮ್ ಏನು" ಅಂತ ಕೆದಕೋರು ಇರ್ತಾರೆ. ಅವ್ರಿಗೆ ಬೇಕಾಗಿರೋದು ಊರಲ್ಲ, ಜಾತಿ. ಅದಕ್ಕೆ ಉತ್ತರ ಕೊಡೋ ಹಂಗೇನಿಲ್ಲ ನಿಂಗೆ, ಮತ್ತೆ ರೊಟ್ಟಿ ವಿಷ್ಯ ಎತ್ತು.

ಪ್ರಶ್ನೆ: ನಾವು ಹೈದರಾಬಾದಿಂದ ಬೆಂಗಳೂರಿಗೆ ಬಂದಿದ್ದೀವಿ ಮೇಡಂ, ನಂದು ಕನ್ನಡ, ಯಜಮಾನ್ರದ್ದು ತೆಲುಗು. ಮಗಳ ಸ್ಕೂಲ್ ಫಾರ್ಮಲ್ಲಿ ಮಾತೃಭಾಷೆ ಅಂತ ಒಂದೇ ಕಾಲಂ ಇದೆ. ಎರಡು ದಿನದಿಂದ ಮನೇಲಿ ಅದೇ ರಗಳೆ.

ಉತ್ತರ: ಜನಗಣತಿಯವ್ರು ಮಾತೃಭಾಷೆ ಅಂದ್ರೆ ಚಿಕ್ಕಂದಿನಲ್ಲಿ ತಾಯಿ ಮಗು ಜೊತೆ ಆಡಿದ ಭಾಷೆ ಅಂತಾರೆ. ಆ ಲೆಕ್ಕದಲ್ಲಿ ನೀವು ಮಗಳನ್ನ ಕನ್ನಡದಲ್ಲಿ ಗದರಿಸ್ತೀರಾದ್ರೆ ಕನ್ನಡ. ಅದೇ ಜನಗಣತೀಲಿ, ನಮಗೆ ಗೊತ್ತಿರೋ ಬೇರೆ ಭಾಷೆ ಇನ್ನೂ ಎರಡು ಹೇಳೋಕೆ ಜಾಗ ಇರುತ್ತೆ, ಸ್ಕೂಲಿನವ್ರಿಗೆ ಅಷ್ಟು ದೊಡ್ಡ ಮನಸ್ಸಿಲ್ಲ ಏನ್ಮಾಡೋದು. ಯಜಮಾನ್ರಿಗೆ ಬೇಜಾರಾದ್ರೆ ಫಾರ್ಮ್ ತುಂಬೋ ಕೆಲಸ ಅವ್ರಿಗೇ ಕೊಡಿ, ಆಧಾರ್ ಜೆರಾಕ್ಸು, ಫೋಟೋ, ವ್ಯಾಕ್ಸಿನ್ ಕಾರ್ಡು ಎಲ್ಲಾ ಹುಡುಕಿ ಅಂಟಿಸೋ ಹೊತ್ತಿಗೆ ಆ ಕಾಲಂ ಮರೆತಿರ್ತಾರೆ.