ಓದುಗರ ಪ್ರಶ್ನೆ: ಒಂದು ಹನಿ ರಕ್ತ, 900 ಕೋಟಿ ಡಾಲರ್

ಪ್ರಶ್ನೆ: 'ದಿ ಡ್ರಾಪ್‌ಔಟ್' ಸೀರೀಸ್ ನೋಡಿದೆ. ಅಮೆರಿಕದಲ್ಲಿ ಥೆರಾನೋಸ್ ಅನ್ನೋ ರಕ್ತ ಪರೀಕ್ಷೆ ಕಂಪೆನಿ ಕಟ್ಟಿ, ಅದಕ್ಕೆ ಒಮ್ಮೆ 900 ಕೋಟಿ ಡಾಲರ್ ಬೆಲೆ ಬರಿಸಿದ ಎಲಿಜಬೆತ್ ಹೋಮ್ಸ್ ಮಾಡಿದ್ದು ಮೋಸವೇ ಸರಿ, ಆದ್ರೆ ಬೆರಳು ಚುಚ್ಚಿದ ರಕ್ತದಲ್ಲೇ ಎಲ್ಲ ಟೆಸ್ಟ್ ಅನ್ನೋದು ನಮ್ಮಂಥ ಊರಿಗೆ ಬೇಕಾದ್ದೇ ಅಲ್ವಾ?
– ಒಬ್ಬ ಓದುಗರು, ಪೆರ್ಲ

ಉತ್ತರ: ಬೇಕಾದ್ದೇ ಮಾರಾಯ್ರೆ. ದೊಡ್ಡ ಕಾಯಿಲೆ ಅಂದ್ರೆ ಮಂಗ್ಳೂರಿಗೆ ಓಡುವವರು ನಾವು, 2020ರಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಆಸ್ಪತ್ರೆ ಮುಟ್ಲಿಕ್ಕಾಗದೆ ರೋಗಿಗಳು ಸತ್ತದ್ದು ನಿಮಗೆ ಗೊತ್ತುಂಟು. ಆದ್ರೆ ಬೇಕು ಅನ್ನೋದು ಬೇರೆ, ಆಗ್ತದೆ ಅನ್ನೋದು ಬೇರೆ. ಶುಗರ್ ನೋಡ್ಲಿಕ್ಕೆ ಬೆರಳು ಚುಚ್ಚಿದ್ರೆ ಸಾಕು, ಆದ್ರೆ ಎಲ್ಲ ಟೆಸ್ಟಿಗೂ ಅದು ನಡೆಯೋದಿಲ್ಲ, ಬೆರಳು ಹಿಂಡುವಾಗ ರಕ್ತಕಣ ಒಡೆದು ಪೊಟ್ಯಾಸಿಯಂ ಜಾಸ್ತಿ ತೋರಿಸ್ತದೆ, ಸ್ಯಾಂಪಲ್ ಸಾಕಾಗದೆ ಬೇರೆ ದ್ರವ ಸೇರಿಸಿ ತೆಳು ಮಾಡ್ಬೇಕಾಗ್ತದೆ. ಥೆರಾನೋಸ್ ಮಾಡಿದ್ದೂ ಅದೇ, ಸ್ವಂತ ಎಡಿಸನ್ ಮಿಷಿನಲ್ಲಿ ಕೆಲವೇ ಟೆಸ್ಟ್, ಉಳಿದದ್ದು ಸೀಮೆನ್ಸಿನಂಥ ಬೇರೆ ಕಂಪೆನಿಯ ಮಿಷಿನಲ್ಲಿ, ಹೊರಗೆ ಹೇಳೋದು ಮಾತ್ರ ಎಲ್ಲ ನಮ್ಮದೇ ಅಂತ. ಕೊನೆಗೆ 2016ರಲ್ಲಿ ಕಂಪೆನಿಯೇ 2014, 2015ರ ಎಡಿಸನ್ ರಿಸಲ್ಟ್ ಎಲ್ಲ ರದ್ದು ಮಾಡಿತು. ಅಷ್ಟರೊಳಗೆ ಆ ರಿಪೋರ್ಟ್ ನೋಡಿ ಮಾತ್ರೆ ಬದಲಿಸಿಕೊಂಡವರು ಎಂತ ಮಾಡ್ಬೇಕಿತ್ತು?

ಸೀರೀಸಲ್ಲಿ ನನಗೆ ಕಡಿಮೆ ಆಯ್ತು ಅನ್ನಿಸಿದ್ದು ಈ ಜನ. ಹೋಮ್ಸಳ ಕಪ್ಪು ಅಂಗಿ, ದಪ್ಪ ಮಾಡಿದ ಸ್ವರ, ಇದಕ್ಕೆಲ್ಲ ಬೇಕಾದಷ್ಟು ಹೊತ್ತು ಉಂಟು (ಅಮಾಂಡಾ ಸೈಫ್ರೆಡ್ ಆಕ್ಟಿಂಗಿಗೆ ಎಮ್ಮಿ ಬಂದದ್ದು ಸರಿಯೇ ಬಿಡಿ). ರಾಜಕೀಯ ಚೆನ್ನಾಗಿ ಕಾಣೋದು ಬೋರ್ಡಿನಲ್ಲಿ, ಜಾರ್ಜ್ ಶುಲ್ಟ್ಸ್, ಕಿಸಿಂಜರ್ ಅಂತ ಮಾಜಿ ವಿದೇಶಾಂಗ ಮಂತ್ರಿಗಳು, ಜನರಲ್ ಮ್ಯಾಟಿಸ್, ಇವರಲ್ಲಿ ಲ್ಯಾಬಿನ ಕೆಲಸ ಯಾರಿಗೆ ಗೊತ್ತು? ಇವರ ಹೆಸರು ನೋಡಿಯೇ ಉಳಿದವರು ದುಡ್ಡು ಹಾಕಿದ್ದು. 2015ರಲ್ಲಿ ಅರಿಜೋನಾ ರಾಜ್ಯ ಡಾಕ್ಟರ ಚೀಟಿ ಇಲ್ಲದೆ ಟೆಸ್ಟ್ ಮಾಡಿಸ್ಬಹುದು ಅಂತ ಕಾನೂನು ತಂತು, ಅದರ ಹಿಂದೆ ಲಾಬಿ ಮಾಡಿದ್ದೂ ಥೆರಾನೋಸೇ.

ಇನ್ನು ಕೋರ್ಟ್. 2022ರಲ್ಲಿ ಜ್ಯೂರಿ ಹೋಮ್ಸ್ ತಪ್ಪಿತಸ್ಥೆ ಅಂದದ್ದು 4 ಆರೋಪದಲ್ಲಿ, ನಾಲ್ಕೂ ದುಡ್ಡು ಹಾಕಿದವರಿಗೆ ಮೋಸ ಮಾಡಿದ್ದಕ್ಕೆ. ರೋಗಿಗಳಿಗೆ ಮೋಸ ಅನ್ನೋ ಆರೋಪದಲ್ಲಿ ಖುಲಾಸೆ. ಹೂಡಿಕೆದಾರರಿಗೆ ಸುಮಾರು 45 ಕೋಟಿ ಡಾಲರ್ ವಾಪಸ್ ಕೊಡ್ಬೇಕು ಅಂತ ಆದೇಶ, ಅರಿಜೋನಾದಲ್ಲಿ ಟೆಸ್ಟ್ ಮಾಡಿಸಿದವರಿಗೆ ಸಿಕ್ಕಿದ್ದು 2017ರ ರಾಜಿಯಲ್ಲಿ ಒಟ್ಟು 46.5 ಲಕ್ಷ ಡಾಲರ್, ಅಂದ್ರೆ ಟೆಸ್ಟಿನ ಫೀಸು. ನೀವು ಕಾಸರಗೋಡಿನ ಎಣ್ಮಕಜೆ ಪಂಚಾಯತಿನವರು, ಇದು ನಿಮಗೆ ಹೊಸತಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದದ್ದು ಸ್ಟಾರ್ಟ್‌ಅಪ್ ಅಲ್ಲ, ಸರ್ಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಶನ್, ಆದ್ರೆ ಕಾಯಿಲೆ ಬಂದವರೇ ಸಾಕ್ಷಿ ಹುಡುಕ್ಬೇಕು ಅನ್ನೋ ಕ್ರಮ ಇಲ್ಲೂ ಅದೇ. ಹೊಡೆಯೋದು ನಿಂತದ್ದು 2000ದಲ್ಲಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳುವಾಗ 2017.

ಪ್ರಶ್ನೆ: ಹೋಮ್ಸಳ ಗೆಳೆಯ, ಕಂಪೆನಿಯಲ್ಲಿ ಅವಳ ನಂತರದ ಯಜಮಾನ ಬಲ್ವಾನಿಯನ್ನು ವಿಲನ್ ಮಾಡಿ ಅವಳನ್ನು ಪಾಪದವಳ ಹಾಗೆ ತೋರಿಸಿದ್ದಾರೆ ಅನ್ನಿಸ್ಲಿಲ್ವಾ?
– ಒಬ್ಬ ಓದುಗರು, ಕುಂಬಳೆ

ಉತ್ತರ: ಸ್ವಲ್ಪ ಅನ್ನಿಸ್ತು. ಅವನು ಹಿಂಸೆ ಕೊಡ್ತಿದ್ದ ಅಂತ ಅವಳು ಕೋರ್ಟಲ್ಲಿ ಹೇಳಿದ್ಳು, ಅವನು ಇಲ್ಲ ಅಂದ. ಅವನ ಕೇಸಲ್ಲಿ ಬೇರೆ ಜ್ಯೂರಿ ರೋಗಿಗಳ ವಿಷಯವೂ ಸೇರಿ 12ಕ್ಕೆ 12 ಆರೋಪ ಒಪ್ಪಿತು, ಸುಮಾರು 13 ವರ್ಷ ಜೈಲು, ಅವಳಿಗೆ 11 ಚಿಲ್ಲರೆ. ಅಂದಹಾಗೆ ಆ ಪಾತ್ರ ಮಾಡಿದ ನವೀನ್ ಆಂಡ್ರ್ಯೂಸ್ ಅವರ ಅಪ್ಪ ಅಮ್ಮ ಕೇರಳ ಮೂಲದವರು, ಒಂದು ಲೆಕ್ಕದಲ್ಲಿ ನಮ್ಮ ರಾಜ್ಯದವ್ರೇ, ಗಡಿ ತಕರಾರು ಆಮೇಲೆ ನೋಡುವ.

ಪ್ರಶ್ನೆ: ನಾನು ಬೆಂಗ್ಳೂರಲ್ಲಿ ಸಣ್ಣ ಸ್ಟಾರ್ಟ್‌ಅಪ್ಪಲ್ಲಿ ಇದ್ದೇನೆ. ಕಸ್ಟಮರಿಗೆ ತೋರಿಸೋ ಲೆಕ್ಕ ಸರಿ ಇಲ್ಲ. ಗುಟ್ಟು ಬಿಡೋದಿಲ್ಲ ಅಂತ ಸಹಿ ಹಾಕಿದ್ದೇನೆ. ಎಂತ ಮಾಡ್ಲಿ?
– ಒಬ್ಬ ಓದುಗ, ಮಂಜೇಶ್ವರ

ಉತ್ತರ: ಥೆರಾನೋಸಲ್ಲಿ ಕೆಲಸಕ್ಕಿದ್ದು ಅಲ್ಲಿನ ಮೋಸ ಹೊರಗೆ ಹಾಕಿದ ಎರಿಕಾ ಚಿಯಂಗ್, ಟೈಲರ್ ಶುಲ್ಟ್ಸ್ ಇಬ್ರೂ ಕಾಲೇಜು ಮುಗಿಸಿ ಬಂದ ಮಕ್ಕಳು, ಅವರೂ ಸಹಿ ಹಾಕಿದವರೇ. ಟೈಲರ್ ಬೋರ್ಡಲ್ಲಿದ್ದ ಶುಲ್ಟ್ಸರ ಮೊಮ್ಮಗ, ಆದ್ರೂ ಅಜ್ಜ ಮೊದ್ಲು ನಂಬಿದ್ದು ಹೋಮ್ಸನ್ನು, ವಕೀಲರ ಖರ್ಚೇ 4 ಲಕ್ಷ ಡಾಲರ್ ದಾಟಿತು. ಹಾಗಾಗಿ ಧೈರ್ಯ ಮಾಡು ಅಂತ ಇಲ್ಲಿ ಕೂತು ಹೇಳ್ಲಿಕ್ಕೆ ನನಗೆ ಸುಲಭ. ಎರಿಕಾ ಲ್ಯಾಬ್‌ಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಇಲಾಖೆಗೆ ನೇರ ಪತ್ರ ಬರೆದಳು, ಅದರಿಂದ ತಪಾಸಣೆ ಬಂತು. ನೀವು ಮೊದ್ಲು ಸಹಿ ಹಾಕಿದ ಕಾಗದವನ್ನು ಒಬ್ಬ ಒಳ್ಳೆ ವಕೀಲರಿಗೆ ತೋರಿಸಿ, ಆಫೀಸಿನ ಮೇಲ್‌ನಿಂದ ಈ ವಿಷಯ ಯಾರಿಗೂ ಬರೀಬೇಡಿ, ಮುಂದಿನದ್ದು ಆಮೇಲೆ.