ಫಿಲ್ಟರಿನ ನೆಗ್ಗು

(ನನ್ನಲ್ಲಿಗೆ ಆಪ್ತಸಮಾಲೋಚನೆಗೆ ಬಂದವರ ಕಥೆಯಿದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ.)

"ಅಮ್ಮ ದಿನಾ ಅದೇ ಕಾಫಿ ಫಿಲ್ಟರ್ ಬಿಡಿಸ್ತಾರೆ ಮೇಡಂ. ಏನಾಗಿದೆಯೋ ಅಂತ ಭಯ ಆಗುತ್ತೆ," ಎನ್ನುತ್ತಾ ಮಗಳು ನೋಟ್‌ಬುಕ್ಕನ್ನು ನನ್ನ ಮುಂದಿಟ್ಟರು. ತಾಯಿಗೆ 61 ವರ್ಷ. ಗಂಡ ತೀರಿಕೊಂಡು ಎಂಟು ತಿಂಗಳು. ಅವರ ಮಾತು ಬಂದರೆ ಸಾಕು, ಎದ್ದು ಒಳಗೆ ಹೋಗಿಬಿಡುತ್ತಾರಂತೆ.

ಪುಟ ತಿರುವಿದೆ. ಅಡುಗೆಕಟ್ಟೆ, ಹಿತ್ತಾಳೆ ಫಿಲ್ಟರ್, ಪಕ್ಕದಲ್ಲಿ ಬೋರಲು ಹಾಕಿದ ಒಂದು ಲೋಟ. ನಾನು ಲೋಟವನ್ನೇ ಹಿಡಿದುಕೊಂಡೆ. "ಇದು ಯಜಮಾನರದಾ? ಇನ್ನು ಕುಡಿಯೋರಿಲ್ಲ ಅಂತ ಬೋರಲು ಬರೆದಿರಾ?"

ತಾಯಿ ನನ್ನ ಮುಖ ನೋಡಿದರು. "ತೊಳೆದಿಟ್ಟಿದ್ದು. ನೀರು ಇಳೀಲಿ ಅಂತ."

ಅವತ್ತು ಮತ್ತೆ ಬಾಯಿ ಬಿಡಲಿಲ್ಲ. ತಪ್ಪು ನನ್ನದೇ. ಬರೆದವರು ಹೇಳುವ ಮೊದಲೇ ಅರ್ಥ ಹಚ್ಚಲು ಹೋಗಿದ್ದೆ.

ಮುಂದಿನ ಭೇಟಿಯಲ್ಲಿ ಕ್ಷಮೆ ಕೇಳಿ, ನಿದ್ದೆ, ಊಟ, ಬದುಕು ಸಾಕೆನಿಸುತ್ತದೆಯೇ ಎಂಬುದನ್ನು ನೇರವಾಗಿ ವಿಚಾರಿಸಿದೆ. ನಿದ್ದೆ ಕಡಿಮೆ, ಉಳಿದದ್ದು ಸರಿಯಿತ್ತು. ಹಾಗಿಲ್ಲದಿದ್ದರೆ ಮನೋವೈದ್ಯರಲ್ಲಿಗೆ ಕಳಿಸುತ್ತಿದ್ದೆ. ರಾತ್ರಿ ತೀರಾ ಸಂಕಟವಾದರೆ ಇರಲೆಂದು ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಬರೆದುಕೊಟ್ಟೆ.

ತಾಯಿಗೆ ಹೇಳಿದ್ದು ಇಷ್ಟೇ: ಬಿಡಿಸುವುದನ್ನು ನಿಲ್ಲಿಸಬೇಡಿ. ಚಂದ ಬರಬೇಕೆಂದಿಲ್ಲ. ಮುಗಿದ ಮೇಲೆ, ನಿನ್ನೆ ಕಾಣದೆ ಇವತ್ತು ಕಂಡದ್ದನ್ನು ಒಂದು ಸಾಲಿನಲ್ಲಿ ಕೆಳಗೆ ಬರೆಯಿರಿ.

ಮಗಳಿಗೆ ಇಟಲಿಯ ಬೊಲೊನ್ಯಾದ ಕಲಾವಿದ ಜಾರ್ಜೊ ಮೊರಾಂಡಿಯ (1890–1964) ಚಿತ್ರಗಳನ್ನು ತೋರಿಸಿದೆ. ಅವೇ ಶೀಶೆ, ಅವೇ ಜಾಡಿಗಳನ್ನು ಜಾಗ ಬದಲಿಸಿಟ್ಟು ದಶಕಗಳ ಕಾಲ ಬರೆದವರು. ಒಂದನ್ನೇ ಮತ್ತೆಮತ್ತೆ ನೋಡುವುದು ಕಾಯಿಲೆಯಲ್ಲ ಎಂದು ಮಗಳಿಗೆ ಧೈರ್ಯ ಬರಬೇಕಿತ್ತು. "ಅರ್ಥ ಕೇಳಬೇಡಿ. ಪಕ್ಕದಲ್ಲಿ ಕೂತು ನೀವೂ ಬಿಡಿಸಿ" ಎಂದೆ. "ನಂಗೆ ಚಿತ್ರ ಬರಲ್ಲ ಮೇಡಂ" ಎಂದರು. ಬರದಿದ್ದರೇ ಒಳ್ಳೆಯದು ಅಂದೆ.

ಮೂರು ವಾರದ ನಂತರ ಮಗಳೇ ಫೋನ್ ಮಾಡಿದರು. ಅವರು ಬಿಡಿಸಿದ ಫಿಲ್ಟರ್ ನೋಡಿ ಅಮ್ಮ ಪೆನ್ಸಿಲ್ ಕಿತ್ತುಕೊಂಡು, ಅದರ ಹೊಟ್ಟೆಯ ಹತ್ತಿರ ಒಂದು ನೆಗ್ಗು ಸೇರಿಸಿದರಂತೆ. ನಾನು ಲೋಟ ನೋಡುತ್ತಾ ಕೂತಿದ್ದ ಪುಟಗಳಲ್ಲೆಲ್ಲ ಆ ನೆಗ್ಗು ಇತ್ತು.

"ಇದನ್ನ ಬಿಟ್ಟರೆ ಹೇಗೆ? ಫಿಲ್ಟರ್ ಅಂಟಿಕೊಂಡಾಗೆಲ್ಲ ನಿಮ್ಮಪ್ಪ ಕಟ್ಟೆಗೆ ಕುಟ್ಟೋರು. ಬೇಡ ಅಂದ್ರೂ ಕೇಳ್ತಿರ್ಲಿಲ್ಲ," ಎಂದು ಶುರು ಮಾಡಿದವರು ಡಿಕಾಕ್ಷನ್ ಇಳಿಯುವವರೆಗೂ ಅಪ್ಪನ ಮಾತೇ ಆಡಿದರಂತೆ.